ಕಾಯಿದಾ ಮತ್ತು ಕಾಗುಣಿತ

ಅರಬಿಯ 'ಕಾಇದಾ' ಎಂಬ ಪದ ನಮ್ಮ ನಾಡಿಗೆ ಎರಡು ದಾರಿಗಳಿಂದ ಬಂದಿದೆ. ಕಚೇರಿಯ ದಾರಿಯಿಂದ ಬಂದದ್ದು 'ಕಾಯಿದೆ'ಯಾಗಿ, ಕನ್ನಡದಲ್ಲಿ ಕಾನೂನು ಎಂಬ ಅರ್ಥ ಪಡೆಯಿತು. ಮದ್ರಸದ ದಾರಿಯಿಂದ ಬಂದದ್ದು 'ಕಾಯಿದಾ' ಎಂದೇ ಉಳಿದು, ಮಕ್ಕಳು ಅಲಿಫ್ ಬೇ ಕಲಿಯುವ ತೆಳ್ಳಗಿನ ಪುಸ್ತಕಕ್ಕೆ ಹೆಸರಾಯಿತು. ಕಾಯಿದೆಗಾದರೂ ಆಗಾಗ ತಿದ್ದುಪಡಿ ಬರುತ್ತದೆ. ಕಾಯಿದಾಕ್ಕೆ ಆ ಭಾಗ್ಯ ಇಲ್ಲ.

ನಮ್ಮ ಪತ್ರಿಕೆಗಳಲ್ಲಿ ಕತೆ, ಕಾದಂಬರಿಗಳ ವಿಮರ್ಶೆ ಬರುತ್ತದೆ. ಕುರ್‌ಆನ್ ಅನುವಾದಗಳ ಬಗ್ಗೆ ಚರ್ಚೆ ನಡೆಯುತ್ತದೆ. ಆದರೆ ದೀನ್ ಕಲಿಯಲು ಹೊರಟ ಒಬ್ಬ ಸಾಮಾನ್ಯ ಮುಸ್ಲಿಮನ ಕೈಗೆ ಮೊಟ್ಟಮೊದಲು ಸಿಗುವ ಪುಸ್ತಕವನ್ನು ಯಾರಾದರೂ ವಿಮರ್ಶೆಗೆ ಎತ್ತಿಕೊಂಡದ್ದನ್ನು ನಾವು ಕಂಡಿಲ್ಲ. ಸೀರತ್ ಸಮಾವೇಶಗಳಲ್ಲೆಲ್ಲ ಪ್ರಥಮ ದಿವ್ಯವಾಣಿಯ ಪ್ರಥಮ ಆಜ್ಞೆ ಓದಿನ ಕುರಿತಾಗಿತ್ತು ಎಂಬುದನ್ನು ಭಾವಪೂರ್ಣವಾಗಿ ವಿವರಿಸಲಾಗುತ್ತದೆ. ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಹತ್ತು ಹತ್ತು ಮಕ್ಕಳಿಗೆ ಬರೆಹ ಕಲಿಸಿ ಬಿಡುಗಡೆ ಪಡೆದ ಪ್ರಸಂಗವೂ ತಪ್ಪದೆ ಬರುತ್ತದೆ. ಸರಿ. ಸಭೆ ಮುಗಿಸಿ ಮನೆಗೆ ಹೋದವನು ಯಾವ ಪುಸ್ತಕ ಹಿಡಿದು, ಯಾವ ಭಾಷೆಯ ಮೂಲಕ, ಯಾವ ಹೊತ್ತಿನಲ್ಲಿ ಓದಬೇಕು? ಅಲ್ಲಿಗೆ ಬಂದಾಗ ಭಾಷಣಕಾರರು ಚಹಾ ಕುಡಿಯಲು ಎದ್ದಿರುತ್ತಾರೆ.

ಈ ಪ್ರಶ್ನೆಯನ್ನು ಬೆಂಗಳೂರಿನ ಶಿವಾಜಿನಗರದಲ್ಲಿ ನಿಂತು ಕೇಳಿದರೆ ಅಷ್ಟು ತೀವ್ರವಾಗಿ ಕಾಣದು. ಅಲ್ಲಿ ಮನೆ, ಬೀದಿ, ಮಸೀದಿ ಮೂರರ ಮಾತೂ ಹೆಚ್ಚು ಕಡಿಮೆ ಒಂದೇ. ನಗರದ ಅಂಚಿಗೆ ಹೋಗಬೇಕು. ಪೀಣ್ಯಕ್ಕೆ ಹೋಗಬೇಕು, ವೈಟ್‌ಫೀಲ್ಡಿಗೆ, ಎಲೆಕ್ಟ್ರಾನಿಕ್ ಸಿಟಿಗೆ ಹೋಗಬೇಕು. ಈ ಮೂರೂ ಕಡೆ ಹೊಸ ಮಸೀದಿಗಳು ಎದ್ದಿವೆ. ಅಲ್ಲಿ ನಮಾಝಿನ ಸಾಲಿನಲ್ಲಿ ನಿಂತವರ ಊರು ಬೇರೆ, ಮನೆಮಾತು ಬೇರೆ, ಸಂಬಳವಂತೂ ಬಹಳ ಬೇರೆ.

ಪೀಣ್ಯ ಇರುವುದು ತುಮಕೂರು ರಸ್ತೆಯಲ್ಲಿ. ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿಯ ಬಸ್ಸುಗಳು ನಗರಕ್ಕೆ ಬರುವುದು ಇದೇ ರಸ್ತೆಯಿಂದ. ಆದ್ದರಿಂದ ಈ ಸೀಮೆಯ ಲೇತ್ ಮೆಷಿನ್ನುಗಳ ಮುಂದೆ, ಗಾರ್ಮೆಂಟ್ಸಿನ ಹೊಲಿಗೆ ಸಾಲುಗಳಲ್ಲಿ ಮಧ್ಯ ಕರ್ನಾಟಕದ ಮುಸ್ಲಿಮರು ಸಿಗುತ್ತಾರೆ. ಅವರಲ್ಲಿ ನದಾಫರು, ಅಂದರೆ ಪಿಂಜಾರರು, ಉಂಟು. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅವರ ಕುಲಕಸುಬಾಗಿತ್ತು. ಮನೆಯಲ್ಲಿ ಕನ್ನಡ, ಕೆಲವೆಡೆ ತೆಲುಗು. ಅವ್ವ ಜೋಗುಳ ಹಾಡಿದ್ದು ಕನ್ನಡದಲ್ಲಿ, ಮೊಹರಮ್ಮಿನಲ್ಲಿ ಕರ್ಬಲಾದ ಕತೆಯನ್ನು ಕೇಳಿದ್ದೂ ಕನ್ನಡದ ರಿವಾಯತ್ ಪದಗಳಲ್ಲಿ. ವೈಟ್‌ಫೀಲ್ಡಿನ ಕಡೆ ಹೊಸಕೋಟೆ, ಮಾಲೂರು, ಕೋಲಾರದ ದಖ್ಖನಿ ಮನೆಗಳು. ಕಟ್ಟಡ ಕಟ್ಟುವ ಯಾದಗಿರಿ, ಕಲಬುರಗಿಯವರು. ಬಂಗಾಳ, ಬಿಹಾರದ ಹುಡುಗರು. ಅದೇ ಕಟ್ಟಡಗಳ ಹನ್ನೆರಡನೇ ಮಹಡಿಯಲ್ಲಿ ಕೇರಳದ, ಹೈದರಾಬಾದಿನ, ಲಖನೌದ ಇಂಜಿನಿಯರುಗಳು. ಎಲೆಕ್ಟ್ರಾನಿಕ್ ಸಿಟಿ ಹೊಸೂರು ರಸ್ತೆಯಲ್ಲಿದೆ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದನ್ನು ಕನಸಿದಾಗ ಅಲ್ಲಿ ತಮಿಳು, ಉರ್ದು, ಕನ್ನಡ, ತೆಲುಗು ಒಂದೇ ಸಂತೆಯಲ್ಲಿ ಕೇಳಿಸುತ್ತಿದ್ದವು. ಈಗ ಹಿಂದಿಯೂ ಸೇರಿದೆ.

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 12.92. ಉರ್ದುವನ್ನು ಮಾತೃಭಾಷೆಯೆಂದು ಬರೆಸಿದವರು ಶೇ. 10.83. ಉರ್ದು ಬರೆಸಿದವರೆಲ್ಲ ಮುಸ್ಲಿಮರೇ ಎಂದು ಇಟ್ಟುಕೊಂಡರೂ ಹನ್ನೆರಡು ಲಕ್ಷಕ್ಕೂ ಹೆಚ್ಚು ಮುಸ್ಲಿಮರ ಮನೆಮಾತು ಬೇರೆ. ಬ್ಯಾರಿ, ನವಾಯತಿ, ಮಲಯಾಳಂ, ತಮಿಳು, ಕನ್ನಡ. ಕರಾವಳಿಯವರಿಗೆ ತಮ್ಮದೇ ಮದ್ರಸಗಳು, ತಮ್ಮದೇ ಪಠ್ಯ, ತಮ್ಮದೇ ಉಸ್ತಾದರು ಇದ್ದಾರೆ. ಬಯಲುಸೀಮೆಯ ಕನ್ನಡದ ಮುಸ್ಲಿಮನಿಗೆ ಅದು ಇಲ್ಲ. ಉರ್ದು ಬರೆಸಿದವರಲ್ಲೂ ಉರ್ದು ಓದಬಲ್ಲ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದನ್ನು ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲೇ ನೋಡುತ್ತಿದ್ದೇವೆ.

ಈ ಸೀಮೆಯ ಮಸೀದಿಗಳ ಗೋಡೆ ಓದುವುದು ನಮಗೊಂದು ಚಟ. ಚಪ್ಪಲಿ ಎಲ್ಲಿ ಬಿಡಬೇಕು, ಮೊಬೈಲನ್ನು ಯಾವಾಗ ಬಂದ್ ಮಾಡಬೇಕು, ನೀರನ್ನು ಹೇಗೆ ಮಿತವಾಗಿ ಬಳಸಬೇಕು, ಗಾಡಿ ಎಲ್ಲಿ ನಿಲ್ಲಿಸಬಾರದು, ಇವೆಲ್ಲ ಕನ್ನಡದಲ್ಲಿವೆ. ಮಸೀದಿ ಪ್ರವೇಶಿಸುವಾಗಿನ ದುಆದ ಅರ್ಥ, ವುಝೂವಿನ ಕ್ರಮ, ಒಂದೆರಡು ಹದೀಸ್, ಇವು ಉರ್ದುವಿನಲ್ಲಿವೆ. ಕನ್ನಡ ಬಲ್ಲವನಿಗೆ ಶಿಸ್ತು, ಉರ್ದು ಬಲ್ಲವನಿಗೆ ಜ್ಞಾನ ಎಂದು ಯಾರೋ ಪಾಲು ಮಾಡಿಕೊಟ್ಟ ಹಾಗೆ. ಯಾರೂ ಬೇಕೆಂದು ಮಾಡಿದ್ದಲ್ಲ, ನಿಜ. ಬೇಕೆಂದು ಮಾಡಿದ್ದರೆ ಸರಿಪಡಿಸುವುದು ಸುಲಭವಿತ್ತು.

ಇನ್ನು ಪುಸ್ತಕಗಳಿಗೆ ಬರೋಣ. ನಮ್ಮಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು 'ನೂರಾನಿ ಕಾಯಿದಾ'. ಪಂಜಾಬಿನ ಲುಧಿಯಾನದ ಮೌಲವಿ ನೂರ್ ಮುಹಮ್ಮದ್ ರಚಿಸಿದ್ದು. ಇದನ್ನು ಲಘುವಾಗಿ ನೋಡುವವರು ಒಮ್ಮೆ ಕುಳಿತು ಅದರ ಪಾಠಗಳ ಅನುಕ್ರಮ ಪರೀಕ್ಷಿಸಬೇಕು. ಮೊದಲು ಬಿಡಿ ಅಕ್ಷರ, ಅನಂತರ ಕೂಡಿದ ಅಕ್ಷರ, ಆಮೇಲೆ ಸ್ವರಚಿಹ್ನೆ, ತನ್ವೀನ್, ದೀರ್ಘ, ಸುಕೂನ್, ತಶ್ದೀದ್. ಒಂದು ಮೆಟ್ಟಿಲೂ ತಪ್ಪದೆ ಕಲಿಯುವವನನ್ನು ನೇರವಾಗಿ ಕುರ್‌ಆನಿನ ಪುಟದ ಮುಂದೆ ತಂದು ನಿಲ್ಲಿಸುತ್ತದೆ. ಕೆಲವೇ ಪುಟಗಳಲ್ಲಿ ಇಷ್ಟು ಕೆಲಸ ಮಾಡುವ ಪಠ್ಯ ನಮ್ಮ ಸರ್ಕಾರಿ ಪಠ್ಯಪುಸ್ತಕಗಳಲ್ಲಿ ಸಿಗುವುದು ಅಪರೂಪ. ಉಚ್ಚಾರಣೆಯ ಪುಸ್ತಕವಾಗಿ ಅದಕ್ಕೆ ನಮ್ಮ ಸಲಾಮು.

ಆದರೆ ಅದು ಯಾರಿಗಾಗಿ ಬರೆದ ಪುಸ್ತಕ? ಉರ್ದು ಮಾತಾಡುವ, ಉರ್ದು ಲಿಪಿಯನ್ನು ಮನೆಯಲ್ಲಿ, ಅಂಗಡಿಯಲ್ಲಿ, ಪತ್ರಿಕೆಯಲ್ಲಿ ನೋಡುತ್ತ ಬೆಳೆದ ಮಗುವಿಗಾಗಿ. ಪೀಣ್ಯದ ಆರನೇ ಇಯತ್ತೆಯ ಹುಡುಗ ಅದರ ಮುಂದೆ ಕುಳಿತಾಗ ಏನಾಗುತ್ತದೆ ನೋಡಿ. ಅಕ್ಷರ ಅರಬಿಯದು. ಸ್ವರಚಿಹ್ನೆಗಳ ಹೆಸರು ಜಬರ್, ಜೇರ್, ಪೇಶ್, ಇವು ಫಾರ್ಸಿ. ಸೂಚನೆಗಳು ಉರ್ದುವಿನವು. ಹುಡುಗನ ತಲೆಯಲ್ಲಿರುವುದು ಕನ್ನಡ. ಒಂದು 'ಬಿ' ಎಂಬ ಸದ್ದನ್ನು ಹೊರಡಿಸಲು ಅವನು ನಾಲ್ಕು ಭಾಷೆಗಳ ಗಡಿ ದಾಟಬೇಕು. 'ಬೇ ಜೇರ್ ಬಿ' ಎಂದು ತಿಂಗಳುಗಟ್ಟಲೆ ರಾಗವಾಗಿ ಹೇಳುತ್ತಾನೆ. ಜೇರ್ ಎಂದರೆ 'ಕೆಳಗೆ' ಎಂದರ್ಥ, ಚಿಹ್ನೆ ಅಕ್ಷರದ ಕೆಳಗಿರುವುದರಿಂದ ಆ ಹೆಸರು ಬಂತು ಎಂದು ಅವನಿಗೆ ಹೇಳುವವರು ಅಪರೂಪ.

ವಿಪರ್ಯಾಸವೆಂದರೆ, ಈ ಪಾಠವನ್ನು ಅತ್ಯಂತ ಬೇಗ ಕಲಿಯಬಹುದಾದವನು ಅವನೇ. ಏಕೆಂದರೆ ಅವನಿಗೆ ಕಾಗುಣಿತ ಗೊತ್ತಿದೆ. ಜಬರ್ ಎಂದರೆ ನಮ್ಮ ತಲೆಕಟ್ಟು. ಜೇರ್ ಎಂದರೆ ಗುಡಿಸು. ಪೇಶ್ ಎಂದರೆ ಕೊಂಬು. ಮದ್ದ್ ಎಂದರೆ ದೀರ್ಘ. ಸುಕೂನ್ ಎಂದರೆ ಸ್ವರ ಕಳಚಿದ ಅರ್ಧಾಕ್ಷರ. ತಶ್ದೀದ್ ಎಂದರೆ ಅದೇ ಅಕ್ಷರಕ್ಕೆ ಅದೇ ಒತ್ತು, 'ಅಕ್ಕ', 'ಅಪ್ಪ'ಗಳಲ್ಲಿ ಇದ್ದಂತೆ. ವ್ಯಂಜನಕ್ಕೆ ಸ್ವರ ಅಂಟುವ ಈ ಲೆಕ್ಕವನ್ನು ಅವನು ಒಂದನೇ ತರಗತಿಯಲ್ಲೇ ಕರಗತ ಮಾಡಿಕೊಂಡಿದ್ದಾನೆ. ಗುರುಗಳು ಕಪ್ಪು ಹಲಗೆಯ ಒಂದು ಬದಿ ಕಾಗುಣಿತದ ಸಾಲು, ಇನ್ನೊಂದು ಬದಿ ಅರಬಿ ಸಾಲು ಬರೆದರೆ ಎರಡು ತಿಂಗಳ ಪಾಠ ಒಂದು ವಾರದಲ್ಲಿ ಮುಗಿಯುತ್ತದೆ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದ ನಮ್ಮಂಥವರು ಈ ಹೋಲಿಕೆಯನ್ನು ತಲೆಕೆಳಗಾಗಿ ಮಾಡಿಕೊಂಡೇ ಕನ್ನಡ ಕಲಿತೆವು. ಅದು ಅಲ್ಲಿಂದ ಇಲ್ಲಿಗೆ ಕೆಲಸ ಮಾಡಿದ್ದರೆ ಇಲ್ಲಿಂದ ಅಲ್ಲಿಗೂ ಮಾಡಬೇಕಲ್ಲ.

ಹಾಗೆಂದು ಕನ್ನಡ ಲಿಪಿಯಲ್ಲೇ ಕುರ್‌ಆನ್ ಓದಿಸಿಬಿಡೋಣ ಎನ್ನುವವರ ಪಕ್ಷ ನಮ್ಮದಲ್ಲ. ಕನ್ನಡ ಅಕ್ಷರಗಳಲ್ಲಿ ಅಚ್ಚಾದ ಯಾಸೀನ್ ಪುಸ್ತಕಗಳು, ದುಆ ಪುಸ್ತಕಗಳು ಜಾತ್ರೆ, ಉರೂಸುಗಳಲ್ಲಿ ಸಿಗುತ್ತವೆ. ಹೆಂಗಸರು ಅವುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವಷ್ಟು ಪ್ರೀತಿಯಿಂದ ಕೊಳ್ಳುತ್ತಾರೆ. ಆ ಪ್ರೀತಿಯನ್ನು ಹಂಗಿಸುವ ಮನಸ್ಸು ನಮಗಿಲ್ಲ. ಆದರೆ ಅರಬಿಯ ಸೀನ್, ಸ್ವಾದ್, ಸಾ ಮೂರೂ ಅಕ್ಷರಗಳು ಅಲ್ಲಿ ಒಂದೇ 'ಸ' ಆಗಿಬಿಡುತ್ತವೆ. ಕಾಫ್ ಅಕ್ಷರಗಳು ಎರಡು. ಗಂಟಲಿನ ಆಳದಿಂದ ಬರುವ ಕಾಫಿನಲ್ಲಿ ಬರೆದರೆ 'ಕಲ್ಬ್' ಎಂದರೆ ಹೃದಯ, ಇನ್ನೊಂದರಲ್ಲಿ ಬರೆದರೆ ನಾಯಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಬರೆಹ. ಉಲಮಾಗಳು ಈ ಪುಸ್ತಕಗಳನ್ನು ಆಕ್ಷೇಪಿಸುವುದಕ್ಕೆ ಕಾರಣವಿದೆ. ಆಕ್ಷೇಪಿಸಿದ ಮೇಲೆ ಬದಲಿಗೆ ಏನು ಕೊಟ್ಟಿರಿ ಎಂಬುದಷ್ಟೇ ನಮ್ಮ ಪ್ರಶ್ನೆ. ಸದ್ದನ್ನು ಅರಬಿ ಲಿಪಿಯಲ್ಲೇ ಕಲಿಸಿ, ವಿವರಣೆಯನ್ನು ಕನ್ನಡದಲ್ಲಿ ಕೊಡಿ ಎಂಬ ಸರಳ ವಿಷಯ ಈ ಜಗಳದಲ್ಲಿ ಕಾಣೆಯಾಗಿದೆ.

ಕಾಯಿದಾ ದಾಟಿದವನಿಗೆ ಎರಡನೇ ಪುಸ್ತಕ ಬೇಕು, ದೀನಿನ ಮೂಲ ವಿಷಯಗಳನ್ನು ತಿಳಿಸುವಂಥದ್ದು. ಉರ್ದುವಿನಲ್ಲಿ ಇದಕ್ಕೆ ಒಳ್ಳೆಯ ಪರಂಪರೆಯಿದೆ. ಮುಫ್ತಿ ಕಿಫಾಯತುಲ್ಲಾ ಅವರ 'ತಾಲೀಮುಲ್ ಇಸ್ಲಾಮ್' ಪ್ರಶ್ನೋತ್ತರ ರೂಪದಲ್ಲಿದೆ. ವಾಕ್ಯಗಳು ಎಷ್ಟು ಚಿಕ್ಕವೆಂದರೆ ಮಗು ಒಂದೇ ಉಸಿರಿನಲ್ಲಿ ಹೇಳಬಹುದು. ಮೌಲಾನಾ ಅಶ್ರಫ್ ಅಲಿ ಥಾನವಿಯವರ 'ಬಹಿಶ್ತೀ ಜೇವರ್' ಹುಡುಗಿಯರಿಗಾಗಿ ಬರೆದದ್ದು. ಅದರ ಸ್ತ್ರೀ ಸಂಬಂಧಿ ನಿಲುವುಗಳೊಡನೆ ಇಂದು ನಮ್ಮ ಜಗಳ ಸಾಕಷ್ಟಿರಬಹುದು. ಆದರೂ ಅದು ವರ್ಣಮಾಲೆಯಿಂದ ಆರಂಭವಾಗುತ್ತದೆ, ಕಾಗದ ಬರೆಯುವುದನ್ನು ಕಲಿಸುತ್ತದೆ, ಲೆಕ್ಕ, ಅಡುಗೆ, ಮನೆಮದ್ದು ಎಲ್ಲವನ್ನೂ ಒಳಗೊಳ್ಳುತ್ತದೆ. ಎದುರಿಗೆ ಕುಳಿತವಳು ಯಾರು, ಅವಳಿಗೆ ಏನು ಗೊತ್ತಿಲ್ಲ, ಅವಳ ದಿನ ಹೇಗೆ ಸಾಗುತ್ತದೆ ಎಂಬುದು ಆ ಲೇಖಕರಿಗೆ ತಿಳಿದಿತ್ತು. ಮೇರಠಿನ ಇಸ್ಮಾಯಿಲ್ ಮೇರಠಿಯವರು ಮಕ್ಕಳಿಗಾಗಿ ಬರೆದ ಉರ್ದು ಪಾಠಗಳಲ್ಲೂ ಇದೇ ಗುಣ. ಆಕಳು, ನೀರಗಿರಣಿ, ಮಳೆ ಎಂದು ಕಣ್ಣೆದುರಿನ ಜಗತ್ತಿನಿಂದ ಹೊರಟರು.

ಕನ್ನಡದಲ್ಲಿ ಇಂಥ ಕಿರುಪುಸ್ತಕಗಳು ಇಲ್ಲವೆಂದಲ್ಲ. ಸಾಕಷ್ಟಿವೆ. ಬಹುಪಾಲು ಉರ್ದುವಿನಿಂದ ಆದ ಅನುವಾದಗಳು. ಕತೆ ಬರೆಯುವವರಾದ ನಮಗೆ ವಾಕ್ಯದ ಮೇಲೆ ಕಣ್ಣು ಹೋಗುವುದು ಸಹಜ. ಉರ್ದುವಿನಲ್ಲಿ ಪ್ರತಿ ವಾಕ್ಯದ ಕೊನೆಗೂ ಒಂದು 'ಹೈ' ಬೇಕು. ಅದು ಆ ಭಾಷೆಯ ಜಾಯಮಾನ. ಅನುವಾದಕರು ಆ ಹೈ ಅನ್ನು ಹೆಗಲ ಮೇಲೆ ಹೊತ್ತು ತಂದು ಕನ್ನಡದ ಅಂಗಳದಲ್ಲಿ 'ಆಗಿದೆ' ಎಂದು ಇಳಿಸುತ್ತಾರೆ. ನಮಾಝ್ ಕಡ್ಡಾಯವಾಗಿದೆ, ಅಲ್ಲಾಹನು ಒಬ್ಬನಾಗಿದ್ದಾನೆ, ಶುಚಿತ್ವವು ಅವಶ್ಯಕವಾದುದಾಗಿದೆ, ಹೀಗೆ. 'ಅಲ್ಲಾಹ ಒಬ್ಬನೇ' ಎಂದರೆ ಕನ್ನಡದಲ್ಲಿ ಮಾತು ಮುಗಿಯಿತು. ಆ 'ಏ'ಕಾರದಲ್ಲಿ ತೌಹೀದಿನ ಪೂರ್ತಿ ಒತ್ತು ಇದೆ. 'ಒಬ್ಬನಾಗಿದ್ದಾನೆ' ಎಂದಾಗ ಹಿಂದೆ ಬೇರೇನೋ ಆಗಿದ್ದು ಈಗ ಒಬ್ಬನಾದನೇನೋ ಎಂಬಂತೆ ಕೇಳಿಸುತ್ತದೆ. ಸಣ್ಣ ವ್ಯಾಕರಣದ ವಿಷಯ ಎನ್ನಬೇಡಿ. ನಂಬಿಕೆಯ ಮೊದಲ ವಾಕ್ಯವೇ ಬಾಯಲ್ಲಿ ಹೊಂದದಿದ್ದರೆ ಕಲಿಯುವವನು ಅದನ್ನು ಬಾಯಿಪಾಠ ಮಾಡುತ್ತಾನೆಯೇ ಹೊರತು ಆಡುವುದಿಲ್ಲ.

ಕನ್ನಡದಲ್ಲಿ ಇಸ್ಲಾಮಿನ ಪರಿಭಾಷೆಯನ್ನು ಶ್ರದ್ಧೆಯಿಂದ ಕಟ್ಟಿದವರು ಮಂಗಳೂರಿನವರು. ಶಾಂತಿ ಪ್ರಕಾಶನದ 'ದಿವ್ಯ ಕುರ್‌ಆನ್', ಅಬ್ದುಸ್ಸಲಾಮ್ ಪುತ್ತಿಗೆಯವರ ಅನುವಾದ, ಸನ್ಮಾರ್ಗ ಪತ್ರಿಕೆ, ಇವುಗಳ ಋಣ ಕನ್ನಡದ ಮುಸ್ಲಿಮರ ಮೇಲೆ ದೊಡ್ಡದು. ಮೂಮಿನನಿಗೆ ಸತ್ಯವಿಶ್ವಾಸಿ, ಮಲಕಿಗೆ ದೇವಚರ, ತೌಹೀದಿಗೆ ಏಕದೇವತ್ವ ಎಂಬ ಪದಗಳು ಅಲ್ಲಿ ನೆಲೆಯೂರಿದವು. ಮುಸ್ಲಿಮೇತರ ಓದುಗರಿಗೆ ಇಸ್ಲಾಮನ್ನು ಪರಿಚಯಿಸುವ ಕೆಲಸಕ್ಕೆ ಆ ಪದಗಳು ತುಂಬ ಒದಗಿಬಂದವು. ಆದರೆ ಬಯಲುಸೀಮೆಯ ಕನ್ನಡ ಮುಸ್ಲಿಮನ ಕಿವಿಗೆ 'ದೇವಚರ' ಪುಸ್ತಕದ ಪದ, 'ಫರಿಶ್ತೆ' ಮನೆಯ ಪದ. ಅವನ ಕನ್ನಡದಲ್ಲಿ ನಮಾಜು, ರೋಜಾ, ದುವಾ, ಪೈಗಂಬರ, ಖುದಾ ಎಲ್ಲವೂ ಆಗಲೇ ಕನ್ನಡ. ಒಂದು ಕಡೆ ಉರ್ದುವಿನ ನಕಲು ವಾಕ್ಯ, ಇನ್ನೊಂದು ಕಡೆ ಸಂಸ್ಕೃತದ ಉಡುಪು ತೊಟ್ಟ ಪದ; ನಡುವೆ ಅವನು ನಿಜವಾಗಿ ಆಡುವ ಭಾಷೆಯಲ್ಲಿ ಬರೆದ ಪುಸ್ತಕ ಎಲ್ಲಿದೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದೀನಿನ ಪದಗಳು ದೀನಿನ ಭಾಷೆಯಲ್ಲೇ ಇರಬೇಕು, ಸ್ಥಳೀಯ ಭಾಷೆ ತಂದರೆ ಅರ್ಥ ಕೆಡುತ್ತದೆ ಎಂದು. ಆಕ್ಷೇಪಿಸುವವರು ಒಂದು ವಿಷಯ ಗಮನಿಸಬೇಕು. ಮೇಲೆ ಹೇಳಿದ ಪದಗಳಲ್ಲಿ ನಮಾಝ್ ಅರಬಿ ಅಲ್ಲ. ರೋಜಾ ಅರಬಿ ಅಲ್ಲ. ಖುದಾ, ಪೈಗಂಬರ್, ಫರಿಶ್ತೆ, ಬಹಿಶ್ತ್, ದೋಜಖ್ ಯಾವುದೂ ಅರಬಿ ಅಲ್ಲ. ಎಲ್ಲವೂ ಫಾರ್ಸಿ. ಇರಾನಿನ ಜನ ಮುಸ್ಲಿಮರಾದಾಗ ಸಲಾತ್, ಸೌಮ್‌ಗಳಿಗೆ ತಮ್ಮ ಮನೆಯಲ್ಲಿದ್ದ ಹಳೆಯ ಪದಗಳನ್ನೇ ಕೊಟ್ಟರು. ಯಾರ ಈಮಾನೂ ಕೆಡಲಿಲ್ಲ. ಇಂದು ನಾವು ಆ ಪದಗಳನ್ನು ಅರಬಿಯಷ್ಟೇ ಪವಿತ್ರವೆಂದು ಕಾಪಾಡುತ್ತಿದ್ದೇವೆ. ಬೆಂಗಳೂರಿನ ಹೆಚ್ಚಿನ ಮಸೀದಿಗಳು ಅನುಸರಿಸುವ ಮಝ್‌ಹಬಿನ ಇಮಾಮ್ ಅಬೂ ಹನೀಫಾ ಅವರಂತೂ ನಮಾಝಿನಲ್ಲಿ ಫಾರ್ಸಿ ಪಠಣಕ್ಕೂ ಅವಕಾಶವಿದೆ ಎಂದಿದ್ದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅದನ್ನು ಅರಬಿ ಬಾರದವನಿಗೆ ಮಾತ್ರ ಎಂದು ಸೀಮಿತಗೊಳಿಸಿದರು. ಇಮಾಮರ ಅಭಿಪ್ರಾಯವೂ ಕೊನೆಗೆ ಅಲ್ಲಿಗೇ ಬಂತೆಂಬ ವರದಿಯಿದೆ. ಕನ್ನಡದಲ್ಲಿ ನಮಾಝ್ ಮಾಡಿಸಿ ಎಂದು ನಾವು ಕೇಳುತ್ತಿಲ್ಲ. ಹೊಸದಾಗಿ ಕಲಿಯುವವನ ನಾಲಗೆಯ ಕಷ್ಟವನ್ನು ನಮ್ಮ ಅತಿ ದೊಡ್ಡ ಫಕೀಹರು ಎಷ್ಟು ಗಂಭೀರವಾಗಿ ಪರಿಗಣಿಸಿದ್ದರು ಎಂಬುದನ್ನಷ್ಟೇ ನೆನಪಿಸುತ್ತಿದ್ದೇವೆ.

ದೂರದ ಕೂಫಾ ಬೇಡ, ಬಿಜಾಪುರಕ್ಕೆ ಬನ್ನಿ. ಶಾಹ್ ಮೀರಾಂಜಿ ಶಂಸುಲ್ ಉಶ್ಶಾಕ್ ಮತ್ತು ಅವರ ಮಗ ಬುರ್ಹಾನುದ್ದೀನ್ ಜಾನಮ್ ಬರೆದದ್ದು ದಖ್ಖನಿಯಲ್ಲಿ. ಅಂದು ವಿದ್ವಾಂಸರ ಭಾಷೆ ಅರಬಿ, ಫಾರ್ಸಿ. ದಖ್ಖನಿ ಬೀದಿಯ ಮಾತು. ಅರಬಿ, ಫಾರ್ಸಿ ತಿಳಿಯದವರಿಗಾಗಿ ಬರೆಯುತ್ತಿದ್ದೇನೆ ಎಂದು ಮೀರಾಂಜಿ ಸ್ಪಷ್ಟವಾಗಿಯೇ ಹೇಳಿಕೊಂಡರು. ಸೂಫಿಗಳ ಬಳಗದಿಂದ ಚಕ್ಕಿನಾಮಾ, ಚರ್ಖಾನಾಮಾಗಳು ಹುಟ್ಟಿದವು: ಬೀಸುವ ಹೆಂಗಸರಿಗೆ, ನೂಲುವ ಹೆಂಗಸರಿಗೆ ಕೆಲಸದ ಲಯದಲ್ಲೇ ದೇವರ ಸ್ಮರಣೆ ಕಲಿಸುವ ಹಾಡುಗಳು. ಅದು ಕಾಯಿದಾವೇ ಅಲ್ಲವೆ? ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಓದಿದವರಿಗೆ ಈ ಲೋಕ ಎಷ್ಟು ವಿಸ್ತಾರವಾದದ್ದು ಎಂಬುದು ಗೊತ್ತು. ಅಂದಿನ ಬೀಸುಕಲ್ಲಿನ ಜಾಗದಲ್ಲಿ ಇಂದು ಹೊಲಿಗೆ ಯಂತ್ರ ಬಂದಿದೆ. ಗುರುಗಳು ಮಾತ್ರ, ಹಿಂದೊಮ್ಮೆ ಬೀದಿಯ ಮಾತಾಗಿದ್ದ ಅದೇ ದಖ್ಖನಿಯನ್ನು ಮಕ್ಕಳ ಬಾಯಲ್ಲಿ ಕೇಳಿದೊಡನೆ 'ನಕ್ಕೋ' ಅನ್ನಬೇಡ, 'ನಹೀಂ' ಅನ್ನು ಎಂದು ತಿದ್ದುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ನಾವು ಉರ್ದು ವಿರೋಧಿಗಳೆಂದು ಯಾರೂ ಭಾವಿಸಬಾರದು. ಉರ್ದು ನಮ್ಮ ಮೊದಲ ಅಕ್ಷರ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭಿಸಿದಾಗ ನಡೆದ ಹಿಂಸೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಒಂದು ಭಾಷೆಗಾಗಿ ಹೆಣ ಎತ್ತಿದ ಸಮುದಾಯ ಆ ಭಾಷೆಯನ್ನು ಮಸೀದಿಯೊಳಗಾದರೂ ಉಳಿಸಿಕೊಳ್ಳೋಣ ಎಂದು ಅಪ್ಪಿ ಹಿಡಿದರೆ ಅದನ್ನು ಮೂರ್ಖತನ ಎನ್ನಲಾಗದು. ಆದರೆ ಮಸೀದಿ ಭಾಷೆಯ ಗೋದಾಮು ಅಲ್ಲ. ಉರ್ದು ಉಳಿಯಬೇಕಾದದ್ದು ಒಳ್ಳೆಯ ಉರ್ದು ಶಾಲೆಗಳಲ್ಲಿ, ಮಕ್ಕಳ ಪತ್ರಿಕೆಗಳಲ್ಲಿ, ಮನೆಯ ಮಾತುಕತೆಯಲ್ಲಿ. ದೀನ್ ಕಲಿಯಲು ಬಂದ ನದಾಫನ ಮಗನ ಬೆನ್ನ ಮೇಲೆ ಆ ಭಾರ ಹೇರುವುದು ಉರ್ದುವಿಗೂ ನ್ಯಾಯವಲ್ಲ, ಅವನಿಗೂ ಅಲ್ಲ.

ಇದೇ ಹೊತ್ತಿಗೆ ವೈಟ್‌ಫೀಲ್ಡಿನ ಹನ್ನೆರಡನೇ ಮಹಡಿಯಲ್ಲಿ ಬೇರೆಯೇ ಕಲಿಕೆ ನಡೆದಿದೆ. ಅಲ್ಲಿನ ಇಂಜಿನಿಯರನೂ ಆರಂಭಿಕನೇ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಅವನಿಗೆ ಉರ್ದು ಓದಲು ಬಾರದು. ಆದರೆ ಅವನ ದಾರಿ ಸುಗಮವಾಗಿದೆ. ಪಿಕ್ತಾಲ್, ಯೂಸುಫ್ ಅಲಿಯವರ ಕಾಲದಿಂದ ಇಂಗ್ಲಿಷ್ ಅನುವಾದಗಳ ಸಾಲೇ ಇದೆ. ಮದೀನಾ ವಿಶ್ವವಿದ್ಯಾಲಯಕ್ಕಾಗಿ ಅರಬಿ ಪಠ್ಯಗಳನ್ನು ರಚಿಸಿದ ಡಾ. ವಿ. ಅಬ್ದುರ್ರಹೀಮ್ 2023ರಲ್ಲಿ ತೀರಿಕೊಂಡರು. ಅವರು ತಮಿಳುನಾಡಿನ ವಾಣಿಯಂಬಾಡಿಯವರು. ಎಲೆಕ್ಟ್ರಾನಿಕ್ ಸಿಟಿ ದಾಟಿ ಚೆನ್ನೈ ಕಡೆಗೆ ಹೋಗುವ ಹೆದ್ದಾರಿಯಲ್ಲೇ ಸಿಗುವ ಊರು. ಅರಬಿ ಮಾತೃಭಾಷೆಯಲ್ಲದ ಒಬ್ಬ ದಕ್ಷಿಣ ಭಾರತೀಯ ಬರೆದ ಪುಸ್ತಕ ಲೋಕದ ತುಂಬ ಓಡಾಡುತ್ತಿದೆ. ಕಾರಣವಿಷ್ಟೇ, ಅದು ಮನೆ, ಬಾಗಿಲು, ಮೇಜು, ಮಸೀದಿ ಎಂದು ಬೆರಳು ತೋರಿಸಿ ಹೇಳಬಹುದಾದ ವಸ್ತುಗಳಿಂದ ಶುರುವಾಗುತ್ತದೆ. ಮೊದಲ ಪುಟದಲ್ಲೇ ಕಲಿಯುವವನಿಗೆ ಒಂದು ಪೂರ್ಣ ವಾಕ್ಯ, ಒಂದು ಪೂರ್ಣ ಅರ್ಥ ಸಿಗುತ್ತದೆ. ಹೈದರಾಬಾದಿನ ಅಂಡರ್‌ಸ್ಟ್ಯಾಂಡ್ ಕುರ್‌ಆನ್ ಅಕಾಡೆಮಿಯ ಪಾಠಗಳೂ ದಿನನಿತ್ಯ ನಮಾಝಿನಲ್ಲಿ ಹೇಳುವ ಪದಗಳಿಂದಲೇ ಹೊರಡುತ್ತವೆ. ಇಂಜಿನಿಯರನಿಗೆ ಇದೆಲ್ಲ ಫೋನಿನಲ್ಲೇ ಇದೆ. ಆರು ತಿಂಗಳಲ್ಲಿ ಅವನು ತಾನು ನಮಾಝಿನಲ್ಲಿ ಏನು ಹೇಳುತ್ತಿದ್ದೇನೆಂದು ತಿಳಿಯುತ್ತಾನೆ. ಅವನ ಪಕ್ಕದಲ್ಲೇ ಸಾಲಿನಲ್ಲಿ ನಿಂತ ಗಾರೆ ಕೆಲಸದ ಯಾದಗಿರಿಯವನು ನಲವತ್ತು ವರ್ಷ ಅದೇ ಪದಗಳನ್ನು ಹೇಳಿಯೂ ತಿಳಿಯದೆ ಹೋಗಬಹುದು. ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಸಮಾನತೆಯ ಬಗ್ಗೆ ನಾವು ಬಹಳ ಹೆಮ್ಮೆಯಿಂದ ಮಾತಾಡುತ್ತೇವೆ. ಅರ್ಥದ ವಿಷಯಕ್ಕೆ ಬಂದಾಗ ಆ ಸಾಲು ಮುರಿದಿದೆ.

ತಿಳಿಯದೆ ಹೋದರೆ ಏನಾಯಿತು, ಶ್ರದ್ಧೆ ಇದ್ದರೆ ಸಾಲದೆ ಎನ್ನುವವರು ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳನ್ನು ನೆನೆಯಬೇಕು. ತಂದೆಯ ಹಟಕ್ಕೆ ತಲಾಕ್ ಆಗುತ್ತದೆ. ಪ್ರೀತಿಸಿದ ಗಂಡನ ಬಳಿ ಮರಳಲು ಒಂದು ರಾತ್ರಿಯ ಮಟ್ಟಿಗೆ ಬೇರೊಬ್ಬನನ್ನು ಮದುವೆಯಾಗಬೇಕು ಎನ್ನುತ್ತಾರೆ. ಅವಳು ಮಸೀದಿಯ ಕೊಳದ ಪಾಲಾಗುತ್ತಾಳೆ. ಆ ಕಾದಂಬರಿ ಬಂದಾಗ ಅದು ಇಸ್ಲಾಮಿನ ವಿರುದ್ಧವೋ ಪರವೋ ಎಂಬ ಚರ್ಚೆಯೇ ಹೆಚ್ಚು ನಡೆಯಿತು. ನಮಗೆ ಈಗ ಓದುವಾಗ ಬೇರೊಂದು ಕಾಣುತ್ತದೆ. ನಾದಿರಾಳ ಬದುಕನ್ನು ನಿರ್ಧರಿಸುವ ಕಾನೂನು ಉದ್ದಕ್ಕೂ ಬೇರೆಯವರ ಬಾಯಲ್ಲಿದೆ. ಅದು ಎಲ್ಲಿ ಬರೆದಿದೆ, ಏನೆಂದು ಬರೆದಿದೆ ಎಂದು ತೆರೆದು ನೋಡುವ ಅಕ್ಷರ ಅವಳ ಕೈಯಲ್ಲಿಲ್ಲ. ಕಾಯಿದೆ ಬೇರೆಯವರದ್ದು, ಕಾಯಿದಾ ಅವಳಿಗೆ ಸಿಕ್ಕಿಲ್ಲ.

ಬಾನು ಮುಷ್ತಾಕರದು ಇದಕ್ಕೆ ಎದುರಾದ ನಿದರ್ಶನ. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರುವಾಗ ಆರು ತಿಂಗಳಲ್ಲಿ ಕನ್ನಡ ಓದು ಬರೆಹ ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದಾಗ ಕನ್ನಡ, ದಖ್ಖನಿ, ಉರ್ದು, ಅರಬಿ ಎಲ್ಲ ಬೆರೆತ ಆ ಮಾತು ಲಂಡನ್ನಿನಲ್ಲೂ ಕೇಳಿಸಿತು. ಅನುವಾದಕಿ ಆ ಪದಗಳನ್ನು ಓರೆ ಅಕ್ಷರಗಳಲ್ಲಿ ಪ್ರತ್ಯೇಕಿಸದೆ ಹಾಗೇ ಬಿಟ್ಟರು. ನಮ್ಮ ಮದ್ರಸದ ಪಠ್ಯ ರಚಿಸುವವರು ಕನಿಷ್ಠ ಆ ಧೈರ್ಯವನ್ನಾದರೂ ಎರವಲು ಪಡೆಯಬಹುದು. ಹಾಗೆಯೇ ಕನ್ನಡದ ಮುಸ್ಲಿಮ್ ಕತೆಗಾರರ ಬಗ್ಗೆಯೂ, ಅಂದರೆ ನಮ್ಮದೇ ಕಸುಬಿನವರ ಬಗ್ಗೆಯೂ, ಒಂದು ತಕರಾರು ಇದೆ. ನಮ್ಮ ಕತೆಗಳಲ್ಲಿ ಮದ್ರಸ ಬಂದಾಗಲೆಲ್ಲ ಬೆತ್ತ ಬರುತ್ತದೆ, ಗದರುವ ಮೌಲವಿ ಬರುತ್ತಾನೆ. ಗುರುತಿಲ್ಲದ ಅಕ್ಷರವೊಂದು ಮೊದಲ ಬಾರಿಗೆ ಸದ್ದಾಗಿ ಬಾಯಿಗೆ ಬಂದಾಗಿನ ಮಗುವಿನ ಬೆರಗು ಬರುವುದು ಬಹಳ ಕಡಿಮೆ.

ಸರ್ಕಾರದ ಕಡೆಯಿಂದಲೂ ಒಂದು ಪ್ರಯತ್ನ ನಡೆದಿದೆ. ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಅಧ್ಯಕ್ಷರಾದ ಮೇಲೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮದ್ರಸಗಳಲ್ಲಿ ಕನ್ನಡ ಕಲಿಸುವ ಯೋಜನೆ ಕೈಗೆತ್ತಿಕೊಂಡಿತು. ಸ್ವಾಗತಾರ್ಹ. ಪ್ರವಾದಿಯವರು(ಸ) ಝೈದ್ ಬಿನ್ ಸಾಬಿತರಿಗೆ ಯಹೂದಿಗಳ ಬರೆಹವನ್ನು ಕಲಿಯುವಂತೆ ಹೇಳಿದಾಗ ಅವರು ಅರ್ಧ ತಿಂಗಳಲ್ಲಿ ಕಲಿತರೆಂಬ ವರದಿಯಿದೆ. ನೆರೆಯವರ ಭಾಷೆ ಕಲಿಯುವುದು ನಮಗೆ ಹೊಸದಲ್ಲ. ಆದರೆ ಕನ್ನಡವನ್ನು ವಾರಕ್ಕೆರಡು ತಾಸಿನ ಇನ್ನೊಂದು ವಿಷಯವಾಗಿ, ನಾಡಿಗೆ ಸಲ್ಲಿಸಬೇಕಾದ ತೆರಿಗೆಯಂತೆ ತಂದಿಟ್ಟರೆ ಅದು ಹೊಸ್ತಿಲಲ್ಲೇ ಉಳಿಯುತ್ತದೆ. ಬಿಹಾರದಿಂದ ಬಂದ ಇಮಾಮರಿಗೆ ಕನ್ನಡ ಕಲಿಸುವುದು ಬಾಡಿಗೆ ಮನೆ ಹುಡುಕಲು ಮಾತ್ರ ಅಲ್ಲ. ಜುಮಾದ ದಿನ ಫಾತಿಹಾದ ಏಳು ವಚನಗಳನ್ನು ಲೇತ್ ಕೆಲಸದವನಿಗೆ ವಿವರಿಸುವಷ್ಟು ಬರಬೇಕು. ಕನ್ನಡ ಬಲ್ಲ ಆಲಿಮರನ್ನು ಹುಡುಕಿ ಸರಿಯಾದ ಸಂಬಳ ಕೊಡುವ ವಿಷಯ ಬಂದಾಗ ನಮ್ಮ ಸಮಿತಿಗಳು ಮಿನಾರದ ಎತ್ತರದ ಚರ್ಚೆಗೆ ಹೊರಳುತ್ತವೆ ಎಂಬುದೂ ಸತ್ಯ.

ಕಲಿಯುವ ಹೊತ್ತಿನ ವಿಷಯವನ್ನಂತೂ ಯಾರೂ ಎತ್ತುವುದಿಲ್ಲ. ಮದ್ರಸದ ಸಮಯ ಅಸರ್‌ನಿಂದ ಮಗ್ರಿಬ್. ಗಾರ್ಮೆಂಟ್ಸಿನ ಹೆಂಗಸರು ಆ ಹೊತ್ತಿಗೆ ಇನ್ನೂ ಗೇಟಿನಿಂದ ಹೊರಬಂದಿರುವುದಿಲ್ಲ, ಬಂದವರು ಬಸ್ಸಿನಲ್ಲಿರುತ್ತಾರೆ. ಪೀಣ್ಯದ ಹಿಂಭಾಗದ ಒಂದು ಬಡಾವಣೆಯಲ್ಲಿ ದಾವಣಗೆರೆ ಕಡೆಯ ಯುವ ಆಲಿಮಾ ಒಬ್ಬರು ಭಾನುವಾರ ಮಧ್ಯಾಹ್ನ ಮನೆಯ ಜಗಲಿಯಲ್ಲೇ ತರಗತಿ ನಡೆಸುವುದನ್ನು ನಾವು ಕೆಲವು ವಾರ ನೋಡಿದೆವು. ನಮ್ಮ ಮನೆಯವರು ಒಳಗೆ ಕುಳಿತು ಕಲಿಯುವವರಲ್ಲಿ ಒಬ್ಬರು, ನಾವು ಹೊರಗೆ ಕುರ್ಚಿಯಲ್ಲಿ. ಆಕೆಯದು ಕಾಗುಣಿತದ ದಾರಿಯೇ, ಆಕೆ ಅದನ್ನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅಕ್ಷರದ ಜೊತೆಗೇ ದಿನಕ್ಕೊಂದು ಪದದ ಅರ್ಥ. 'ರಬ್ಬ್' ಬಂದ ದಿನ, ಪ್ರಭು ಎಂದೋ ಪಾಲಕ ಎಂದೋ ಬರೆದುಕೊಳ್ಳಿ ಎಂದರು. ಬಳಿಕ, ಬೀಜವನ್ನು ಹಂತ ಹಂತವಾಗಿ ಗಿಡವಾಗಿ ಬೆಳೆಸುವವನು ಎಂದು ವಿವರಿಸಿದರು. ಕೊಪ್ಪಳ ಕಡೆಯ ಹಿರಿಯ ಹೆಂಗಸೊಬ್ಬರು, "ಹಂಗಾರ ಸಾಕಾಂವ ಅಂದ್ರ ತಪ್ಪೇನ್ರಿ ಆಪಾ?" ಎಂದು ಕೇಳಿದರು. ಉರ್ದುವಿನವರು ದಿನಕ್ಕೆ ನೂರು ಸಲ ಹೇಳುವ 'ಪರ್ವರ್ದಿಗಾರ್' ಎಂಬ ಫಾರ್ಸಿ ಪದಕ್ಕೂ ಅದೇ ಅರ್ಥ, ಸಾಕುವವನು. ಆಪಾ ಹಲಗೆಯ ಮೇಲೆ ಪ್ರಭು, ಪಾಲಕ ಎರಡರ ಕೆಳಗೆ 'ಸಾಕಾಂವ' ಎಂದೂ ಬರೆದರು.

ಅದರ ಮುಂದಿನ ವಾರ 'ತಕ್ವಾ' ಇತ್ತು. ಪುಸ್ತಕದಲ್ಲಿ ದೇವಭಯ ಎಂದಿದೆ. ಮುಳ್ಳಿನ ದಾರಿಯಲ್ಲಿ ಬಟ್ಟೆ ಎತ್ತಿ ಹಿಡಿದು ನಡೆಯುವ ಹಾಗೆ ಎಂದು ಸಹಾಬಿಯೊಬ್ಬರು ಹಝ್ರತ್ ಉಮರರಿಗೆ ಅದನ್ನು ವಿವರಿಸಿದ ಪ್ರಸಂಗ ಹೇಳಿದಾಗ, ಅದು ಭಯ ಹೇಗಾದೀತು, ಎಚ್ಚರ ಅನ್ನಬೇಕು ಎಂದರು ಒಬ್ಬರು. ಇನ್ನೊಬ್ಬರು ಜೋಪಾನ ಎಂದರು. ಒಂದಿಷ್ಟು ವಾದ ಆಯಿತು. ಮೂರೂ ಪದಗಳು ಹಲಗೆಯ ಮೇಲೇ ಉಳಿದವು, ಆಪಾ ಯಾವುದನ್ನೂ ಒರೆಸಲಿಲ್ಲ. ಸೋಮವಾರದ ಮೊದಲ ಪಾಳಿಯವರು ಅಡುಗೆ ಆಗಬೇಕೆಂದು ಎದ್ದರು.